18ನೇ ಗುಂಡಿನ ನಂತರ ಪಿಸ್ತೂಲು ಖಾಲಿ: ನನ್ನ ಅನುಭವ

ನಾನು ಆಯುಧಗಳನ್ನು ನೋಡಿಕೊಂಡ ಸಿನಿಮಾದಲ್ಲಿ ಕಾರಿಡಾರಿನ ದೃಶ್ಯ ಹೆಚ್ಚುಕಡಿಮೆ 80 ಸೆಕೆಂಡಿನದು, ನಡುವೆ ಒಂದೂ ಕಟ್ ಇಲ್ಲ. ನಾಯಕ ಎರಡು ಸಲ ಪಿಸ್ತೂಲಿನ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಬದಲಿಸುತ್ತಾನೆ. ಒಮ್ಮೆ ಗುಂಡು ಹಾರದೆ ಕೈಕೊಡುತ್ತದೆ. ಮ್ಯಾಗಜಿನ್ನಿನ ಬುಡಕ್ಕೆ ಅಂಗೈಯಿಂದ ಬಡಿದು, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಭಾಗ) ಎಳೆದು ಮುಂದೆ ಹೋಗುತ್ತಾನೆ. ಸಂಕಲನಕಾರರು ಇದರ ಒಂದು ಫ್ರೇಮನ್ನೂ ಕತ್ತರಿಸಲಿಲ್ಲ. ಇದಕ್ಕೆ ಏಳೆಂಟು ತಿಂಗಳ ಹಿಂದೆ ಪ್ರತಿ ಗುಂಡಿನ ಲೆಕ್ಕವಿಟ್ಟು ದೃಶ್ಯ ತೆಗೆಯುವ ನನ್ನ ಯೋಜನೆ ಕೇಳಿ ಇಡೀ ತಂಡ ಮೂಗು ಮುರಿದಿತ್ತು. "ಪ್ರೇಕ್ಷಕ ಗುಂಡು ಎಣಿಸಿಕೊಂಡು ಕೂರುತ್ತಾನೆಯೇ?" ಎಂದು ಸಾಹಸ ನಿರ್ದೇಶಕರು ನಕ್ಕಿದ್ದರು. ಎಣಿಸುವುದಿಲ್ಲ, ನಿಜ. ಆದರೆ ನಾಯಕನ ಕೈ ಎಣಿಸುತ್ತಿದ್ದರೆ ಅದು ಪ್ರೇಕ್ಷಕನಿಗೆ ತಿಳಿಯುತ್ತದೆ ಎಂಬುದು ನನ್ನ ವಾದವಾಗಿತ್ತು.

ಈ ಕೆಲಸದಲ್ಲಿ ಇರುವವರಿಗೆ ಪಿಸ್ತೂಲು ಹಿಡಿಯುವುದು ಹೇಗೆ, ನಿಲ್ಲುವುದು ಹೇಗೆ ಎಂದು ನಾನು ಹೇಳಬೇಕಾಗಿಲ್ಲ. ನಾನು ಎಲ್ಲೆಲ್ಲಿ ಕೈ ಸುಟ್ಟುಕೊಂಡೆ ಎಂಬುದನ್ನಷ್ಟೇ ಹೇಳುತ್ತೇನೆ.

ಹಿಂದಿನ ಚಿತ್ರದಲ್ಲಿ ಸದ್ದು, ಬೆಂಕಿ ಮಾತ್ರ ಕೊಡುವ ಬ್ಲಾಂಕ್ ತೋಟಾಗಳನ್ನೇ ನಂಬಿದ್ದೆ. ಮುಚ್ಚಿದ ಜಾಗ. ಮೂರನೇ ಟೇಕ್ ಹೊತ್ತಿಗೆ ಹೊಗೆ ತುಂಬಿ ಛಾಯಾಗ್ರಾಹಕರಿಗೆ ಎದುರಿನ ಗೋಡೆಯೇ ಕಾಣುತ್ತಿರಲಿಲ್ಲ. ಕಿವಿಗೆ ಬಿರಡೆ ಹಾಕಿಕೊಂಡ ನಟನಿಗೆ "ಕಟ್" ಎಂದದ್ದು ಕೇಳಿಸುತ್ತಿರಲಿಲ್ಲ. ಬ್ಲಾಂಕಿನಲ್ಲಿ ಗುಂಡಿಲ್ಲ, ಒತ್ತಡ ಸಾಲದು, ಹಾಗಾಗಿ ನಳಿಗೆಯನ್ನು ಕಿರಿದು ಮಾಡದೆ ಸ್ಲೈಡ್ ಹಿಂದೆ ಬರುವುದೇ ಇಲ್ಲ. ಕಿರಿದು ಮಾಡಿದ ಪಿಸ್ತೂಲುಗಳೋ ಹತ್ತಕ್ಕೊಮ್ಮೆ ಸಿಕ್ಕಿಕೊಳ್ಳುತ್ತಿದ್ದವು. ಎರಡು ದಿನದಲ್ಲಿ ಕೈಗೆ ಬಂದದ್ದು ಒಂಬತ್ತೋ ಹತ್ತೋ ಟೇಕ್. ಅವುಗಳಲ್ಲೂ ನಾಯಕ ಪ್ರತಿ ಗುಂಡಿಗೂ ಕಣ್ಣು ಮುಚ್ಚುತ್ತಾನೆ. ಸಾವಿರ ಜನರನ್ನು ಕೊಂದ ವೀರ, ಕಣ್ಣು ಮಾತ್ರ ಪಟಾಕಿಗೆ ಹೆದರುವ ಮಗುವಿನದು.

ಬೆಂಕಿಯ ಮಿಂಚಾದರೂ ಅಸಲಿ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇರಲಿಲ್ಲ. ನಳಿಗೆಯ ಮಿಂಚು ಇರುವುದು ಕೆಲವೇ ಮಿಲಿಸೆಕೆಂಡು. ಸೆಕೆಂಡಿಗೆ 24 ಫ್ರೇಮ್, 180 ಡಿಗ್ರಿ ಶಟರ್ ಎಂದರೆ ಅರ್ಧ ಹೊತ್ತು ಕ್ಯಾಮೆರಾ ಕುರುಡು. ಅರ್ಧದಷ್ಟು ಮಿಂಚು ದಾಖಲಾಗಲೇ ಇಲ್ಲ. ದಾಖಲಾದವುಗಳಲ್ಲಿ ಕೆಲವು ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಫ್ರೇಮಿನ ಮೇಲರ್ಧ ಬೆಳ್ಳಗೆ, ಕೆಳಗರ್ಧ ಕತ್ತಲೆ. ಕೊನೆಗೆ ಎಲ್ಲವನ್ನೂ ಕಂಪ್ಯೂಟರಿನಲ್ಲಿಯೇ ಮತ್ತೆ ಕೂರಿಸಿದರು. ತೋಟಾಗೂ ದುಡ್ಡು, ಗ್ರಾಫಿಕ್ಸಿಗೂ ದುಡ್ಡು. ಆ ಎರಡು ದಿನಗಳ ಲೆಕ್ಕ ನೋಡಿದರೆ ಖರ್ಚಿನ ಮೂರನೇ ಒಂದು ಪಾಲು ಕಾಯುವುದಕ್ಕೇ ಹೋಗಿತ್ತು: ಹೊಗೆ ಹೋಗಲಿ ಎಂದು, ಪಿಸ್ತೂಲು ಬಿಚ್ಚಿ ಜೋಡಿಸಲಿ ಎಂದು, ಪ್ರತಿ ಟೇಕ್ ಮುಗಿದ ಮೇಲೆ ಆಯುಧ ತಪಾಸಣೆಯಾಗಲಿ ಎಂದು.

ತಪಾಸಣೆಯನ್ನು ದೂರುತ್ತಿಲ್ಲ. 1984ರಲ್ಲಿ ಜಾನ್-ಎರಿಕ್ ಹೆಕ್ಸಮ್ ಎಂಬ ನಟ ಬ್ಲಾಂಕ್ ಇದ್ದ ರಿವಾಲ್ವರನ್ನು ತಮಾಷೆಗೆ ತಲೆಗಿಟ್ಟು ಟ್ರಿಗರ್ ಒತ್ತಿ ಸತ್ತ. 1993ರಲ್ಲಿ ನಟ ಬ್ರಾಂಡನ್ ಲೀಯ ಜೀವ ತೆಗೆದದ್ದು ನಳಿಗೆಯೊಳಗೆ ಉಳಿದುಹೋಗಿದ್ದ ಡಮ್ಮಿ ತೋಟಾದ (ಮದ್ದಿಲ್ಲದ, ನೋಟಕ್ಕಷ್ಟೇ ಇರುವ ತೋಟಾ) ಗುಂಡು. ಅದನ್ನು ಹೊರಗೆ ತಳ್ಳಿದ್ದು ಹಿಂದಿನಿಂದ ಸಿಡಿದ ಬ್ಲಾಂಕ್. 2021ರಲ್ಲಿ ಛಾಯಾಗ್ರಾಹಕಿ ಹಲೈನಾ ಹಚಿನ್ಸ್ ಚಿತ್ರೀಕರಣದ ಜಾಗದಲ್ಲೇ ಗುಂಡಿಗೆ ಬಲಿಯಾದಳು. ಈ ಮೂರನ್ನೂ ನಿರ್ಮಾಪಕರ ಮುಂದೆ ಹೇಳಿದೆ. ಅವರು ತಲೆಯಾಡಿಸಿದರು. ಕಾಯುವುದಕ್ಕೆ ಹೋದ ಹಣದ ಲೆಕ್ಕ ತೋರಿಸಿದಾಗ ಮಾತ್ರ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

ಈ ಸಲ ರಬ್ಬರ್ ಪಿಸ್ತೂಲಿನಿಂದ ಶುರು ಮಾಡಿದೆ. ತಪ್ಪು ಮಾಡಿದೆ. ನಾಯಕನ ಕೈಯಲ್ಲಿರಬೇಕಾದ ಗ್ಲಾಕ್ 17 ಪಿಸ್ತೂಲು ತುಂಬಿದಾಗ ಸುಮಾರು 900 ಗ್ರಾಂ ತೂಗುತ್ತದೆ; ನನ್ನ ರಬ್ಬರ್ ಪಿಸ್ತೂಲು ಅದರ ಮೂರನೇ ಒಂದು ಪಾಲೂ ಇರಲಿಲ್ಲ. ನಟ ಅದನ್ನು ಮೊಬೈಲ್ ಬೀಸಿದ ಹಾಗೆ ಬೀಸುತ್ತಿದ್ದ. ಓಡುವಾಗ ಭಾರದ ಪಿಸ್ತೂಲು ಮಣಿಕಟ್ಟನ್ನು ಹಿಂದಕ್ಕೆ ಜಗ್ಗುತ್ತದೆ. ನಿಂತ ಮೇಲೂ ಅರೆಕ್ಷಣ ತೂಗಾಡುತ್ತದೆ. ಆ ಅರೆಕ್ಷಣವನ್ನು ಯಾವ ನಟನೂ ನಟಿಸಲಾರ. ಹಿಡಿಯೊಳಗೆ ಸೀಸದ ಕಾಳು ತುಂಬಿದೆ. ಮೂರನೇ ದಿನ ರಬ್ಬರ್ ಬಿರಿದು ಕಾಳೆಲ್ಲ ನೆಲಕ್ಕೆ ಚೆಲ್ಲಿತು. ಹಿಂದಿನಿಂದ ಓಡಿಬರುತ್ತಿದ್ದ ಸಾಹಸ ಕಲಾವಿದ ಅದರ ಮೇಲೆ ಜಾರಿ ಬಿದ್ದ. ಪೆಟ್ಟೇನೂ ಆಗಲಿಲ್ಲ, ಆದರೆ ಆ ವಾರವೆಲ್ಲ ನನ್ನ ಹೆಸರು ಹೇಳಿಯೇ ಅವನು ಕುಂಟುತ್ತಿದ್ದ.

ಆಮೇಲೆ ಅನಿಲದಿಂದ ನಡೆಯುವ ಪ್ರತಿಕೃತಿಗಳಿಗೆ ಬಂದೆ. ಲೋಹದ ಸ್ಲೈಡ್, ತೂಕವೂ ಅಸಲಿಗೆ ಹತ್ತಿರ, ಪ್ರತಿ ಒತ್ತಿಗೂ ಸ್ಲೈಡ್ ಹಿಂದೆ ಹೋಗಿ ಬರುತ್ತದೆ. ಇದಕ್ಕೆ ಚಳಿಯೇ ಶತ್ರು. ತಣ್ಣಗಾದರೆ ಅನಿಲದ ಒತ್ತಡ ಬೀಳುತ್ತದೆ. ಬೇಗ ಬೇಗ ಹಾರಿಸಿದರೆ ಮ್ಯಾಗಜಿನ್ ತನ್ನಷ್ಟಕ್ಕೆ ತಾನೇ ತಣ್ಣಗಾಗುತ್ತದೆ. ಬೆಳಗಿನ ಜಾವದ ಮೊದಲ ಟೇಕಿನಲ್ಲಿ ಸ್ಲೈಡ್ ಆಕಳಿಸಿದ ಹಾಗೆ ನಿಧಾನವಾಗಿ ಹಿಂದೆ ಬಂದು ಅರ್ಧಕ್ಕೇ ನಿಂತಿತು. ಮೊದಲು ಸಹಾಯಕರ ಕಂಕುಳಲ್ಲಿ ಮ್ಯಾಗಜಿನ್ ಇಟ್ಟು ಬೆಚ್ಚಗೆ ಮಾಡಿದೆವು. ಅವರ ಮುಖ ನೋಡಲಾಗದೆ ಬಿಸಿನೀರಿನ ಚೀಲ ಹಾಕಿದ ಪೆಟ್ಟಿಗೆಗೆ ಬಂದೆವು.

ಇನ್ನೊಂದು ತೊಡಕು ನಿಮಗೂ ಬಂದಿರುತ್ತದೆ. ಪ್ಲಾಸ್ಟಿಕ್ ಗುಂಡು ಹಾಕದೆ ಖಾಲಿ ಮ್ಯಾಗಜಿನ್ ತೊಡಿಸಿದರೆ ಗುಂಡು ಮುಗಿದ ಅಸಲಿ ಪಿಸ್ತೂಲಿನ ಹಾಗೆ ಮೊದಲ ಏಟಿಗೇ ಸ್ಲೈಡ್ ಹಿಂದೆ ಸರಿದು ನಿಂತುಬಿಡುತ್ತದೆ. ನಿಲ್ಲದಂತೆ ತಡೆದರೆ ಕೊನೆಯವರೆಗೂ ನಿಲ್ಲುವುದಿಲ್ಲ. ನನಗೆ ಬೇಕಾಗಿದ್ದದ್ದು 18ನೇ ಏಟಿಗೆ ಸರಿಯಾಗಿ ನಿಲ್ಲುವುದು: ಮ್ಯಾಗಜಿನ್ನಿನಲ್ಲಿ 17, ನಳಿಗೆಯಲ್ಲಿ 1. ನಾಲ್ಕು ಪಿಸ್ತೂಲು ಹಾಳಾದ ಮೇಲೆ ದಾರಿ ಸಿಕ್ಕಿತು. ಆ ದಾರಿಯನ್ನು ಮಾತ್ರ ಹೇಳಲಾರೆ, ನನ್ನ ಅನ್ನ ಅದರಲ್ಲಿದೆ. ಒಂದು ಸಣ್ಣ ಸ್ಪ್ರಿಂಗು, ಒಂದು ಹಲ್ಲಿನ ಗಾಲಿ ಎಂಬಷ್ಟು ಹೇಳಿ ನಿಲ್ಲಿಸುತ್ತೇನೆ.

ಗುಂಡಿನ ಲೆಕ್ಕದ ವಿಷಯದಲ್ಲಿ ದೊಡ್ಡ ಜಗಳವೇ ಆಯಿತು. ಸಾಹಸ ನಿರ್ದೇಶಕರು 74 ಏಟಿನ ದೃಶ್ಯ ಕಟ್ಟಿದ್ದರು. ಮೂರು ಮ್ಯಾಗಜಿನ್ನಿಗೆ 18 (ನಳಿಗೆಯ ಒಂದು ಸೇರಿ), 17, 17, ಒಟ್ಟು 52. ಸಿಕ್ಕಿಕೊಂಡಾಗ ಸ್ಲೈಡ್ ಎಳೆದರೆ ಹಾರದ ತೋಟಾ ಒಂದು ಹೊರಗೆ ಬೀಳುತ್ತದೆ, ಉಳಿದದ್ದು 51. ಇಪ್ಪತ್ಮೂರು ಏಟು ಕಡಿಮೆ ಮಾಡಿ ಎಂದಾಗ ಅವರು ನನ್ನೊಂದಿಗೆ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಅವರೇ ಬಂದು, ಸುಮ್ಮನೆ ಹಾರಿಸುತ್ತಿದ್ದ ಜಾಗದಲ್ಲೆಲ್ಲ ನಾಯಕ ಗೋಡೆಗೆ ಒರಗಿ ಉಸಿರು ಬಿಗಿಹಿಡಿಯುವ ಹಾಗೆ ಬದಲಿಸಿ ತೋರಿಸಿದರು. ಅವರ ಬುದ್ಧಿವಂತಿಕೆಗೆ ನನ್ನ ಹಟವೂ ಸ್ವಲ್ಪ ಕಾರಣ ಎಂದು ನಾನು ಅಂದುಕೊಂಡಿದ್ದೇನೆ.

ನಟನ ತರಬೇತಿಗೆ ಆರು ವಾರ ಕೇಳಿದೆ, ದಿನಕ್ಕೆ 40 ನಿಮಿಷ. ನಿರ್ಮಾಪಕರು ಕೊಡುತ್ತೇವೆ ಎಂದದ್ದು ಮೂರು ದಿನ. ಕೊನೆಗೆ ನನ್ನ ಸಂಭಾವನೆಯ ಒಂದು ಪಾಲು ಬಿಟ್ಟುಕೊಟ್ಟು ಐದು ವಾರ ಗಿಟ್ಟಿಸಿದೆ. ಮೊದಲ ಎರಡು ವಾರ ಟ್ರಿಗರ್ ಮುಟ್ಟಲೇ ಬಿಡಲಿಲ್ಲ. ಟ್ರಿಗರಿನ ಮೇಲುಗಡೆ ಚೌಕಟ್ಟಿಗೆ ಕಡಲೆಕಾಳಿನಷ್ಟು ಮರಳುಕಾಗದ ಅಂಟಿಸಿದೆ. ತೋರುಬೆರಳು ಆ ಒರಟನ್ನು ಹುಡುಕಿಕೊಂಡು ಹೋಗಬೇಕು, ಗುರಿ ಸಿಗುವವರೆಗೆ ಅಲ್ಲೇ ಮಲಗಿರಬೇಕು. ಹದಿನೈದನೇ ದಿನವೋ ಏನೋ, ಸೆಟ್ಟಿನ ಬಡಗಿಯ ಮೇಜಿನಿಂದ ನಟ ಏನೋ ಮಾತಾಡುತ್ತ ಡ್ರಿಲ್ ಯಂತ್ರ ಎತ್ತಿಕೊಂಡ. ಬೆರಳು ಗುಂಡಿಯ ಮೇಲಿರಲಿಲ್ಲ, ಯಂತ್ರದ ಮೈಗೆ ನೇರವಾಗಿ ಒತ್ತಿಕೊಂಡಿತ್ತು. ಅವನಿಗೆ ಗೊತ್ತೇ ಇರಲಿಲ್ಲ. ಮರುದಿನ ಮರಳುಕಾಗದ ಕಿತ್ತುಹಾಕಿದೆ.

ಮ್ಯಾಗಜಿನ್ ಬದಲಿಸುವುದನ್ನು ಕತ್ತಲೆ ಕೋಣೆಯಲ್ಲಿ ಕಲಿಸಿದೆ. ಎಡಗೈ ತೋರುಬೆರಳು ಮ್ಯಾಗಜಿನ್ನಿನ ಮುಂದಂಚಿಗೆ ತಾಗಿರಬೇಕು. ಪಿಸ್ತೂಲು ಸೊಂಟಕ್ಕೆ ಇಳಿಯಬಾರದು, ಮುಖದ ಮುಂದೆಯೇ ಇರಬೇಕು. ಕಣ್ಣು ಎದುರಾಳಿಯ ಮೇಲೆ. ಮೊದಲು ನಾಲ್ಕೈದು ಸೆಕೆಂಡು ಹಿಡಿಯುತ್ತಿದ್ದದ್ದು ಕೊನೆಗೆ ಎರಡರ ಆಸುಪಾಸಿಗೆ ಇಳಿಯಿತು. ಕಣ್ಣು ಮಿಟುಕಿಸುವ ರೋಗಕ್ಕೆ ನನ್ನ ಬಳಿ ಬೇರೆ ಮದ್ದು ಇದೆ, ಅದೂ ಗುಟ್ಟು.

ಖಳನಾಯಕನಿಗೆ ಪಂಪ್ ಬಂದೂಕು (ಮುಂದಿನ ಹಿಡಿ ಎಳೆದು ತೋಟಾ ಏರಿಸುವಂಥದು) ಕೊಟ್ಟಿದ್ದರು. ಬೆದರಿಸುವಾಗಲೆಲ್ಲ ಚಕ್-ಚಕ್ ಎಂದು ಎಳೆಯುವ ಆಸೆ ಅವನಿಗೆ. ಆಗಲೇ ತುಂಬಿದ್ದರೆ ಪ್ರತಿ ಎಳೆತಕ್ಕೂ ಒಳ್ಳೆಯ ತೋಟಾ ಒಂದು ನೆಲಕ್ಕೆ ಬೀಳುತ್ತದೆ ಎಂದೆ. "ಹಾಗಾದರೆ ಬೀಳಲಿ, ಬಗ್ಗಿ ಎತ್ತಿಕೊಳ್ಳುತ್ತೇನೆ" ಎಂದ. ನಿರ್ದೇಶಕರು ಅದನ್ನೇ ಇಟ್ಟುಕೊಂಡರು. ಚಿತ್ರದ ಅತಿ ದೊಡ್ಡ ನಗು ಅಲ್ಲಿದೆ, ಶ್ರೇಯಸ್ಸು ನನಗಿಲ್ಲ. ಎಕೆ ರೈಫಲ್ ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಅದರಲ್ಲಿ ಕೊನೆಯ ಗುಂಡಿನ ನಂತರ ಬೋಲ್ಟ್ (ಸ್ಲೈಡಿನ ಕೆಲಸ ಮಾಡುವ ಭಾಗ) ಹಿಂದೆ ನಿಲ್ಲುವುದಿಲ್ಲ. ಮತ್ತೆ ಒತ್ತಿ "ಟಿಕ್" ಎಂದಾಗಲೇ ಖಾಲಿ ಎಂದು ಗೊತ್ತಾಗುವುದು. ನಿಮಿಷಕ್ಕೆ 600ರ ಲೆಕ್ಕದಲ್ಲಿ ಒತ್ತಿಹಿಡಿದರೆ 30 ಗುಂಡು ಮೂರೇ ಸೆಕೆಂಡು. ಅದನ್ನು ಒತ್ತಿಹಿಡಿದ ಪುಂಡ ಮೂರನೇ ಸೆಕೆಂಡಿಗೆ ಬೆಪ್ಪಾಗಿ ನಿಂತದ್ದು ತೆರೆಯ ಮೇಲೆ ಚೆನ್ನಾಗಿಯೇ ಬಂದಿದೆ.

ಬೆಳಕಿಗೆ ಒಂದು ಪ್ರಯೋಗ ಮಾಡಿದೆವು. ಕಂಪ್ಯೂಟರಿನ ಮಿಂಚು ಗೋಡೆಗೆ, ಮುಖಕ್ಕೆ ಬೆಳಕು ಚೆಲ್ಲುವುದಿಲ್ಲವಲ್ಲ. ಆದ್ದರಿಂದ ಸ್ಲೈಡಿನ ಸದ್ದು ಹಿಡಿದು ಎಲ್‌ಇಡಿ ದೀಪವನ್ನು ಒಂದು ಇಡೀ ಫ್ರೇಮ್ ಹೊತ್ತಿಸುವ ಏರ್ಪಾಡನ್ನು ನಮ್ಮ ಎಲೆಕ್ಟ್ರಿಷಿಯನ್ ಮಾಡಿಕೊಟ್ಟ. ಚೆನ್ನಾಗಿ ನಡೆಯಿತು. ಆದರೆ ಬಾಗಿಲು ಬಡಿದರೂ, ಯಾರಾದರೂ ಕೆಮ್ಮಿದರೂ ಕಾರಿಡಾರಿನಲ್ಲಿ ಗುಂಡು ಹಾರಿದಂತೆ ಮಿಂಚುತ್ತಿತ್ತು. ಮೈಕನ್ನು ನಾಯಕನ ತೋಳಿನೊಳಗೆ ಹೊಲಿದ ಮೇಲೆ ಸರಿಹೋಯಿತು.

ಶಬ್ದದಲ್ಲಿ ಅರ್ಧ ಸೋತೆ. ಗ್ಲಾಕಿಗೆ ಹೊರಗೆ ಕಾಣುವ ಕುದುರೆಯೇ (ಹಿಂದೆ ಎಳೆಯುವ ಸುತ್ತಿಗೆ, ಹ್ಯಾಮರ್) ಇಲ್ಲ, ಆದರೂ ಮೊದಲ ಮಿಶ್ರಣದಲ್ಲಿ ಪಿಸ್ತೂಲು ಎತ್ತಿದಾಗಲೆಲ್ಲ ಕುದುರೆ ಎಳೆದ ಸದ್ದು ಇತ್ತು. ಎಣಿಸಿದೆ, ಇಪ್ಪತ್ತರ ಮೇಲೆ ಇದ್ದವು; ಜಗಳವಾಡಿ ನಾಲ್ಕಕ್ಕೆ ಇಳಿಸಿದೆ. ಸೈಲೆನ್ಸರಿನ ವಿಷಯದಲ್ಲಿ ಕೈಚೆಲ್ಲಿದೆ. ಸುಮಾರು 160 ಡೆಸಿಬಲ್ ಸದ್ದನ್ನು ಅದು 130ಕ್ಕೆ ಇಳಿಸಬಹುದು, ಅಂದರೆ ಪಕ್ಕದ ಕೋಣೆಯವರು ಬೆಚ್ಚಿಬೀಳುವಷ್ಟು ಇನ್ನೂ ಉಳಿದಿರುತ್ತದೆ. ಆದರೆ ಶಬ್ದ ವಿನ್ಯಾಸಕರಿಗೆ "ಪುಸ್" ಎಂಬುದೇ ಬೇಕಿತ್ತು. ಇದೆ, ಚಿತ್ರದಲ್ಲಿ ಕೇಳಿ ಬೈದುಕೊಳ್ಳಿ.

ಕಾರಿಡಾರ್ ದೃಶ್ಯ ಒಂದೂವರೆ ದಿನದಲ್ಲಿ ಮುಗಿಯಿತು. ಇಟ್ಟುಕೊಂಡದ್ದು 14ನೇ ಟೇಕ್. ಪ್ರತಿಕೃತಿ, ಹಾಳಾದ ನಾಲ್ಕು, ಅನಿಲ, ತರಬೇತಿ, 51 ಮಿಂಚು, ಹೊರಬೀಳುವ ಖಾಲಿ ತೋಟಾಗಳ ಗ್ರಾಫಿಕ್ಸ್, ಎಲ್ಲ ಸೇರಿ ಹಿಂದಿನ ಚಿತ್ರದ ಬ್ಲಾಂಕ್ ಖರ್ಚಿನ ನೂರಕ್ಕೆ ಅರವತ್ತರಷ್ಟಾಯಿತು ಎಂದು ನೆನಪು. ನಿರ್ಮಾಪಕರು ಈಗ ತಾವೇ ಇದನ್ನು ಮೊದಲು ಯೋಚಿಸಿದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ.

ಅಂತಿಮ ಪ್ರತಿ ತೋರಿಸಿದ ದಿನ ತಂಡದಲ್ಲಿದ್ದ ನಿವೃತ್ತ ಸೈನಿಕರೊಬ್ಬರು ಬೆರಳು ಮಡಚಿ ಎಣಿಸುತ್ತ ಕೂತಿದ್ದರು. ಮುಗಿದಾಗ, "ಐವತ್ತೊಂದು. ಇನ್ನೊಂದು ಎಲ್ಲಿ?" ಎಂದರು. ಹಿಂದೆ ಸರಿಸಿ, ಫ್ರೇಮಿನ ಮೂಲೆಯಲ್ಲಿ ಗೋಡೆಯತ್ತ ಉರುಳುವ ಹಾರದ ತೋಟಾವನ್ನು ತೋರಿಸಿದೆ. ಅವರು ತಲೆದೂಗಿ, ಎದ್ದು ಹೊರಡುವಾಗ ಹೇಳಿದರು: "ಎರಡನೇ ಮ್ಯಾಗಜಿನ್ ಮುಗಿಯುವಾಗ ಅವನ ಹೆಬ್ಬೆರಳು ಸ್ಲೈಡ್ ತಡೆಯುವ ಗುಂಡಿಯನ್ನು ಒತ್ತಿಕೊಂಡಿದೆ. ಅಸಲಿ ಆಗಿದ್ದರೆ ಸ್ಲೈಡ್ ಹಿಂದೆ ನಿಲ್ಲುತ್ತಲೇ ಇರಲಿಲ್ಲ." ಮನೆಗೆ ಬಂದು ಆ ಜಾಗವನ್ನು ಹತ್ತು ಸಲ ನೋಡಿದೆ. ಒತ್ತಿಕೊಂಡೇ ಇದೆ. ನನ್ನ ಏರ್ಪಾಡಿನಲ್ಲಿ ಸ್ಲೈಡನ್ನು ನಿಲ್ಲಿಸುವುದು ಆ ಗುಂಡಿಯಲ್ಲ, ಅದಕ್ಕೇ ನಿಂತಿತು. ನಿರ್ಮಾಪಕರಿಗೆ ಇನ್ನೂ ಹೇಳಿಲ್ಲ.