70ರ ಗೆರೆಯ ಆಚೀಚೆ

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬರುವವರು ಕೊನೆಗೆ ಕೇಳುವುದು ಒಂದೇ: "ಐಕ್ಯೂ ಎಷ್ಟು ಬಂತು ಡಾಕ್ಟ್ರೇ?" ನಾನು ಡಾಕ್ಟರಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್. ಅದನ್ನು ಪ್ರತಿ ಸಲ ಹೇಳುತ್ತೇನೆ, ಅವರು ಪ್ರತಿ ಸಲ ಡಾಕ್ಟ್ರೇ ಎಂದೇ ಕರೆಯುತ್ತಾರೆ. ಶಾಲೆಯಿಂದ ಟೀಚರ್ ಹೇಳಿ ಕಳಿಸಿರುತ್ತಾರೆ, ಇಲ್ಲವೇ ಅಂಗವೈಕಲ್ಯದ ಸರ್ಟಿಫಿಕೇಟಿಗೆ ವರದಿ ಬೇಕಾಗಿರುತ್ತದೆ. ಐಕ್ಯೂ ಎಂದರೆ ಬುದ್ಧಿ ಪರೀಕ್ಷೆಯ ಅಂಕ; ಸುಮಾರು 70ರ ಕೆಳಗೆ ಬಂದರೆ ಬೌದ್ಧಿಕ ವೈಕಲ್ಯದ ಕಡೆಗೆ ಎಣಿಸುವುದು ವಾಡಿಕೆ. ಕಾಸರಗೋಡಿನ ಕನ್ನಡ ಭಾಗದಲ್ಲಿ ಆ ಅಂಕೆಯನ್ನು ನಾನು ಹೇಗೆ ಹೊರಡಿಸುತ್ತೇನೆ, ಅದರ ಮೇಲೆ ಎಷ್ಟು ಭಾರ ಹಾಕುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬುದ್ಧಿ ಪರೀಕ್ಷೆಯೊಳಗಿನ ಪ್ರಶ್ನೆಗಳನ್ನು ಮಾತ್ರ ಹೇಳುವುದಿಲ್ಲ. ಅವು ಹೊರಬಿದ್ದರೆ ಮುಂದಿನ ಮಗು ಬಾಯಿಪಾಠ ಮಾಡಿಕೊಂಡು ಬರುತ್ತದೆ, ಆಮೇಲೆ ಆ ಪರೀಕ್ಷೆ ಯಾತಕ್ಕೂ ಬಾರದು.

ಮಗು ಬಂದು ಕೂತ ತಕ್ಷಣ ಪರೀಕ್ಷೆಯ ಪೆಟ್ಟಿಗೆ ತೆರೆಯುವ ಅಭ್ಯಾಸ ನನಗಿಲ್ಲ. ಮೊದಲು ಭಾಷೆ ಗೊತ್ತಾಗಬೇಕು. ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದಿರುತ್ತದೆ, ಏಕೆಂದರೆ ಶಾಲೆ ಕನ್ನಡ ಮಾಧ್ಯಮದ್ದು. ಮನೆಯೊಳಗೆ ತುಳು ಇರಬಹುದು, ಹವ್ಯಕ ಇರಬಹುದು, ಬ್ಯಾರಿಯೋ ಕೊಂಕಣಿಯೋ ಇರಬಹುದು. ಬಸ್ಸು, ಅಂಗಡಿ, ಆಸ್ಪತ್ರೆ ಎಲ್ಲ ಮಲಯಾಳಂ. ಒಂದು ಚಿತ್ರ ಮುಂದಿಟ್ಟು "ಇದರಲ್ಲಿ ಏನಾಗ್ತಾ ಉಂಟು ಹೇಳು" ಎಂದು ಕೇಳಿ ಸುಮ್ಮನಿರುತ್ತೇನೆ. ಕನ್ನಡದಲ್ಲಿ ಎರಡು ಪದ ಹೇಳಿ ನಿಂತ ಹುಡುಗ ತುಳುವಿಗೆ ಹೊರಳಿದರೆ ಕಥೆಯನ್ನೇ ಹೇಳಿಬಿಡುತ್ತಾನೆ. ಅಂಥವನಿಗೆ ಪುಸ್ತಕದ ಕನ್ನಡದಲ್ಲಿ ಶಬ್ದಾರ್ಥ ಕೇಳಿ ಸೊನ್ನೆ ಹಾಕಿದರೆ, ನಾನು ಅಳೆದದ್ದು ಬುದ್ಧಿಯೋ ಪಠ್ಯಪುಸ್ತಕವೋ ತಿಳಿಯದು.

ಹಾಗೆಂದು ನನ್ನ ಮನಸ್ಸಿಗೆ ಬಂದಂತೆ ತುಳುವಿಗೆ ಅನುವಾದಿಸಿ ಕೇಳುವಂತೆಯೂ ಇಲ್ಲ. ಪರೀಕ್ಷೆಯ ಅಂಕಕ್ಕೆ ಬೆಲೆ ಬರುವುದು ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳಿದ ಸಾವಿರಾರು ಮಕ್ಕಳ ಜೊತೆ ಹೋಲಿಸಿದಾಗ. ಮಾತು ಬದಲಾದರೆ ಆ ಹೋಲಿಕೆಯ ಕೋಷ್ಟಕ ನನ್ನ ಕೈಬಿಡುತ್ತದೆ. ಮರದ ಆಕಾರಗಳನ್ನು ಜೋಡಿಸುವ, ವಿನ್ಯಾಸ ಪೂರ್ತಿಗೊಳಿಸುವ ಮಾತಿಲ್ಲದ ಪರೀಕ್ಷೆಗಳಲ್ಲಿ ಸೂಚನೆಯನ್ನಷ್ಟೇ ತುಳುವಿನಲ್ಲಿ ಕೊಡುತ್ತೇನೆ. ಮಾತಿನ ಪರೀಕ್ಷೆಯನ್ನು ಬೇರೆ ಭಾಷೆಯಲ್ಲಿ ಮಾಡಲೇಬೇಕಾದರೆ, ಮಗು ಏನು ಹೇಳಿತೆಂದು ವರದಿಯಲ್ಲಿ ವಿವರಿಸುತ್ತೇನೆ, ಅಂಕ ಹಾಕುವುದಿಲ್ಲ. ತಾಯಿಯನ್ನು ದುಭಾಷಿಯಾಗಿ ಕೂರಿಸಿಕೊಳ್ಳುವುದಂತೂ ಇಲ್ಲವೇ ಇಲ್ಲ. ಪ್ರಶ್ನೆಯ ಜೊತೆಗೆ ಅರ್ಧ ಉತ್ತರವೂ ದಾಟಿಹೋಗುತ್ತದೆ. ತಾಯಿಯಾದವಳು ಬೇರೆ ಏನು ಮಾಡಿಯಾಳು?

ನಮ್ಮಲ್ಲಿ ಈಗಲೂ ಹೆಚ್ಚು ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆ ಕನ್ನಡಕ್ಕೆ ಹೊಸತೇನಲ್ಲ. ಫ್ರಾನ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ 1905ರಲ್ಲಿ ಮಾಡಿದ ಮಾಪನವನ್ನು ವಿ. ವಿ. ಕಾಮತ್ ಅವರು ಧಾರವಾಡ ಭಾಗದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಅವರ ಪುಸ್ತಕ ಅಚ್ಚಾದದ್ದು 1940ರಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದೊಳಗಿನ ಒಂದು ತಾಲೂಕು. ಧಾರವಾಡದ ಮಗುವಿನ ಕನ್ನಡಕ್ಕೂ ಎಣ್ಮಕಜೆಯ ಮಗುವಿನ ಕನ್ನಡಕ್ಕೂ ಎಷ್ಟು ದೂರ ಎಂದು ಎರಡೂ ಕಡೆ ಹೋದವರಿಗೆ ಗೊತ್ತು. ಕನ್ನಡದ ಪರೀಕ್ಷೆ ಎಂದು ನಂಬಿ ಕೂತರೆ ಮೋಸಹೋಗುತ್ತೇವೆ.

ಹಳೆಯ ಕೋಷ್ಟಕದಿಂದ ಇನ್ನೊಂದು ತೊಡಕೂ ಇದೆ. ಅಮೆರಿಕದಲ್ಲಿ ಬುದ್ಧಿ ಪರೀಕ್ಷೆಯ ಅಂಕಗಳು ದಶಕಕ್ಕೆ ಸುಮಾರು 3ರಂತೆ ಏರುತ್ತಾ ಬಂದಿವೆ ಎಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಕೋಷ್ಟಕ ಹಳತಾದಷ್ಟೂ ಇವತ್ತಿನ ಮಗುವಿಗೆ ಅಂಕ ಧಾರಾಳವಾಗಿ ಬೀಳುತ್ತದೆ. ಭಾಷೆ ಅಂಕವನ್ನು ಕೆಳಗೆ ಎಳೆಯುತ್ತದೆ, ಹಳೆಯ ಕೋಷ್ಟಕ ಮೇಲಕ್ಕೆ ದೂಡುತ್ತದೆ. ಎರಡೂ ಸೇರಿ ಸರಿಹೋಗುತ್ತದೆ ಎಂದು ತಮಾಷೆಗೆ ಹೇಳುವವರಿದ್ದಾರೆ. ಯಾವ ಮಗುವಿನಲ್ಲಿ ಯಾವುದು ಎಷ್ಟು ಎಂದು ಗೊತ್ತಿಲ್ಲದೆ ಕೂಡಿಸಿ ಕಳೆಯುವುದು ನನ್ನಿಂದಾಗದು.

ಅಂಕಿಗಳನ್ನು ಕೇಳಿಸಿ ಮರಳಿ ಹೇಳಿಸುವ ಒಂದು ಬಗೆಯ ಪರೀಕ್ಷೆ ಎಲ್ಲರಿಗೂ ಗೊತ್ತಿರುವಂಥದ್ದು. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ 'ಸೆವೆನ್' ಬಿಟ್ಟರೆ ಉಳಿದೆಲ್ಲವೂ ಒಂದೇ ಉಸಿರಿನ ತುಂಡುಗಳು. ಕನ್ನಡದಲ್ಲಿ ಒಂದು, ಮೂರು, ನಾಲ್ಕು ಎರಡೆರಡು ತುಂಡು. ಎರಡು, ಒಂಬತ್ತು ಮೂರು ಮೂರು. ತುಳುವಿನ ನಾಲ್, ಐನ್, ಏಳ್ ಮತ್ತೆ ಚಿಕ್ಕವು. ಹೇಳಲು ಹೆಚ್ಚು ಹೊತ್ತು ಹಿಡಿಯುವ ಅಂಕಿಗಳು ನೆನಪಿನಲ್ಲಿ ಕಡಿಮೆ ಉಳಿಯುತ್ತವೆ. ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರಲ್ಲಿ ಎಲಿಸ್ ಮತ್ತು ಹೆನೆಲಿ 1980ರಲ್ಲಿ ಕಂಡದ್ದು ಇದನ್ನೇ: ವೆಲ್ಷ್ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಬೇಕು, ಅದರಲ್ಲಿ ನೆನಪಿನ ಉದ್ದವೂ ಕಡಿಮೆ. ಹಾಗಾಗಿ ಯಾವ ಭಾಷೆಯಲ್ಲಿ ಅಂಕಿ ಹೇಳಿದೆ ಎಂಬುದನ್ನು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆಯದೆ ಮುಂದೆ ಹೋಗುವುದಿಲ್ಲ. ಇಲ್ಲಿನ ಅನೇಕ ಮಕ್ಕಳು ಮಾತೆಲ್ಲ ಕನ್ನಡದಲ್ಲಾಡಿ ಲೆಕ್ಕ ಮಾತ್ರ ಇಂಗ್ಲಿಷಿನಲ್ಲಿ ಹೇಳುತ್ತಾರೆ.

ಇನ್ನು ಅಂಕೆಯ ವಿಷಯ. ಒಂದು ಪರೀಕ್ಷೆಯ ಸರಾಸರಿ 100, ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರುತ್ತವೆ ಎಂಬುದು) 15, ವಿಶ್ವಾಸಾರ್ಹತೆ (ಮತ್ತೆ ಅಳೆದರೂ ಅಂಕ ಎಷ್ಟು ಸ್ಥಿರ ಎಂಬುದು, ಹೆಚ್ಚೆಂದರೆ 1) 0.91 ಎಂದುಕೊಳ್ಳಿ. 0.91 ಒಳ್ಳೆಯ ಪರೀಕ್ಷೆಯ ಲಕ್ಷಣವೇ. 1ರಿಂದ 0.91 ಕಳೆದರೆ 0.09, ಅದರ ವರ್ಗಮೂಲ 0.3, ಅದನ್ನು 15ರಿಂದ ಗುಣಿಸಿದರೆ 4.5. ಇದು ಅಳತೆಯ ಪ್ರಮಾಣಿತ ದೋಷ. ನೂರಕ್ಕೆ 95ರ ಭರವಸೆ ಬೇಕಾದರೆ ಅದರ ಸುಮಾರು ಎರಡರಷ್ಟನ್ನು, ಅಂದರೆ 9ನ್ನು, ಆಚೀಚೆ ಬಿಡಬೇಕು. ಮಗುವಿಗೆ 68 ಬಂದಿದ್ದರೆ ನಾನು ಹೇಳಬಹುದಾದದ್ದು 59ರಿಂದ 77ರೊಳಗೆ ಎಂದಷ್ಟೇ. ವಿಶ್ವಾಸಾರ್ಹತೆ 0.84ಕ್ಕೆ ಇಳಿದರೆ ದೋಷ 6ಕ್ಕೆ ಏರುತ್ತದೆ, ಆಚೀಚೆ 12 ಬಿಡಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ತೀರಾ ಕೆಳಗಿನ ಅಥವಾ ತೀರಾ ಮೇಲಿನ ಅಂಕದಲ್ಲಿ ಅದೃಷ್ಟದ ಪಾಲು ಸ್ವಲ್ಪ ಸೇರಿರುತ್ತದೆ. ಮತ್ತೆ ಅಳೆದರೆ ಅದು ಸರಾಸರಿಯ ಕಡೆ ಜರಗುತ್ತದೆ. ಲೆಕ್ಕದ ಪ್ರಕಾರ 68 ಬಂದ ಮಗುವಿನ ನಿಜವಾದ ಮಟ್ಟದ ಅಂದಾಜು 71ರ ಹತ್ತಿರ: ಸರಾಸರಿಯಿಂದಿರುವ 32ರ ಅಂತರವನ್ನು 0.91ರಿಂದ ಗುಣಿಸಿ 100ರಿಂದ ಕಳೆಯಿರಿ. 70ರ ಗೆರೆಯ ಕೆಳಗಿದ್ದ ಮಗು ಮೇಲೆ ಬಂತು! ಆದರೆ ನನ್ನ ಬಳಿ ಬರುವ ಮಕ್ಕಳು ಊರಿನ ಎಲ್ಲ ಮಕ್ಕಳಲ್ಲ, ತೊಂದರೆ ಇದೆ ಎಂದು ಯಾರೋ ಆರಿಸಿ ಕಳಿಸಿದವರು. ಅವರ ಗುಂಪಿನ ಸರಾಸರಿ 100 ಇರಲಾರದು. ಅದಕ್ಕೇ ಈ ಲೆಕ್ಕವನ್ನು ವರದಿಗೆ ಹಾಕುವುದಿಲ್ಲ. ನನ್ನ ಎಚ್ಚರಿಕೆಗೆ ಮಾತ್ರ ಮಾಡಿಕೊಳ್ಳುತ್ತೇನೆ.

ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ, 2013ರ ಡಿಎಸ್‌ಎಂ-5, ಈ ಗೆರೆಯನ್ನು 65ರಿಂದ 75ರವರೆಗಿನ ಅಗಲದ ಪಟ್ಟೆಯಾಗಿ ನೋಡಲು ಹೇಳುತ್ತದೆ, ವೈಕಲ್ಯದ ತೀವ್ರತೆಯನ್ನು ದಿನನಿತ್ಯದ ಬದುಕಿನಿಂದ ಅಳೆಯಲು ಹೇಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 2014ರಲ್ಲಿ, ಹಾಲ್ ವಿರುದ್ಧ ಫ್ಲೋರಿಡಾ ಪ್ರಕರಣದಲ್ಲಿ, ಬೌದ್ಧಿಕ ವೈಕಲ್ಯವಿದ್ದವರಿಗೆ ಮರಣದಂಡನೆ ಕೂಡದೆಂಬ ವಿಷಯದಲ್ಲಿ ಅಳತೆಯ ದೋಷವನ್ನು ಲೆಕ್ಕಿಸದೆ 70ಕ್ಕೆ ಕಟ್ಟುನಿಟ್ಟಾಗಿ ಗೆರೆ ಎಳೆಯುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ನಮ್ಮ ಮಕ್ಕಳ ಮುಂದಿರುವುದು ಅಷ್ಟು ಭಯಂಕರವಲ್ಲ, ಆದರೂ ಗೆರೆ ಗೆರೆಯೇ.

ಆ ಗೆರೆ ಇಲ್ಲಿ ಏನು ಮಾಡುತ್ತದೆ ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಬಹಳಷ್ಟು ಸೌಲಭ್ಯಗಳಿಗೆ 40% ವೈಕಲ್ಯ ಬೇಕು. ಕಾಯ್ದೆಯ ಅಡಿಯಲ್ಲಿ 2018ರ ಜನವರಿಯಲ್ಲಿ ಬಂದು 2024ರ ಮಾರ್ಚಿನವರೆಗೆ ಇದ್ದ ಮಾರ್ಗಸೂಚಿ ಬೌದ್ಧಿಕ ವೈಕಲ್ಯದ ಪ್ರಮಾಣವನ್ನು ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತೆಯ ಮಾಪನದಿಂದ ನಿರ್ಧರಿಸಿತು. ಅದರಲ್ಲಿ 55ರಿಂದ 69 ಬಂದರೆ 50%, 70ರಿಂದ 84 ಬಂದರೆ 25% ಎಂದಿತ್ತು. 69ಕ್ಕೂ 70ಕ್ಕೂ ನಡುವೆ 40% ಸಿಕ್ಕಿಬಿದ್ದಿತ್ತು.

ಎಡ್ಗರ್ ಡಾಲ್ 1935ರಲ್ಲಿ ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ರೂಪಿಸಿದ ಆ ಮಾಪನವನ್ನು ನಾಗಪುರದ ಎ. ಜೆ. ಮಾಲಿನ್ ಭಾರತಕ್ಕೆ ಹೊಂದಿಸಿದರು. ಮಗುವನ್ನು ಕೇಳುವುದಿಲ್ಲ, ಮನೆಯವರನ್ನು ಕೇಳಿ ತಿಳಿಯುವುದು. ಬಂದ ಸಾಮಾಜಿಕ ವಯಸ್ಸನ್ನು (ದಿನನಿತ್ಯದ ಕೆಲಸಗಳಲ್ಲಿ ಮಗು ಎಷ್ಟು ವಯಸ್ಸಿನ ಮಕ್ಕಳ ಮಟ್ಟದಲ್ಲಿದೆಯೋ ಅದನ್ನು) ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಬೇಕು. ಹತ್ತು ವರ್ಷದ, ಅಂದರೆ 120 ತಿಂಗಳ ಮಗುವಿಗೆ ಸಾಮಾಜಿಕ ವಯಸ್ಸು 84 ತಿಂಗಳಾದರೆ 70. 83 ಆದರೆ 69. ಒಂದೇ ತಿಂಗಳು. ಆ ವಯಸ್ಸಿನ ಆಸುಪಾಸಿನಲ್ಲಿ ಒಂದೊಂದು ಅಂಶಕ್ಕೂ ಕೆಲವು ತಿಂಗಳ ಬೆಲೆ ಇದೆ. ತಾಯಿಯ ಒಂದು ಹೌದು ಅಥವಾ ಇಲ್ಲ ಗೆರೆ ದಾಟಿಸುತ್ತದೆ.

"ಆಯಗ್ ಮಾತಾ ಗೊತ್ತುಂಡು, ಪಾತೆರುಜೆ ಆತೆ" ಎನ್ನುತ್ತಾರೆ ಒಬ್ಬರು ತಾಯಿ. ಅವನಿಗೆ ಎಲ್ಲ ಗೊತ್ತುಂಟು, ಮಾತಾಡುವುದಿಲ್ಲ ಅಷ್ಟೆ. ಅದೇ ಹುಡುಗನ ಬಗ್ಗೆ ಅಜ್ಜಿ, "ಇವನಿಗೆ ಏನೂ ಬರುದಿಲ್ಲ" ಎನ್ನುತ್ತಾರೆ. ನಾನು ಹೌದೋ ಅಲ್ಲವೋ ಎಂದು ಕೇಳುವುದನ್ನು ಕೈಬಿಟ್ಟು, ನಿನ್ನೆ ಬೆಳಿಗ್ಗೆ ಎದ್ದಲ್ಲಿಂದ ಹೇಳಿ ಎನ್ನುತ್ತೇನೆ. ಹಲ್ಲುಜ್ಜಿದ್ದು ಯಾರು, ನೀರು ಹೊಯ್ದದ್ದು ಯಾರು, ಅಂಗಿಯ ಗುಬ್ಬಿ ಹಾಕಿದ್ದು ಯಾರು. ಅಂಗಡಿಗೆ ಹೋಗಿ ಸಾಮಾನು ತರುತ್ತಾನೆಯೇ ಎಂಬಂಥ ಪ್ರಶ್ನೆ ಬಂದಾಗ ಮನೆ ಎಲ್ಲಿ ಎಂದು ತಿಳಿದಿರಬೇಕು. ಕುಂಬಳೆ ಪೇಟೆಯ ಮಗುವಿಗೆ ಅಂಗಡಿ ಜಗಲಿಯ ಎದುರಿಗಿದೆ. ಬೆಳ್ಳೂರಿನ ಒಳಗಿನ ಅಡಿಕೆ ತೋಟದ ಮನೆಯಿಂದ ಹೊಳೆಯ ಸಂಕ ದಾಟಿ, ಗುಡ್ಡ ಹತ್ತಿ ಹೋಗಬೇಕು. ಮಳೆಗಾಲದಲ್ಲಿ ದೊಡ್ಡವರೇ ಹಿಂದೆಮುಂದೆ ನೋಡುತ್ತಾರೆ. ಅವಕಾಶವೇ ಸಿಗದಿದ್ದರೆ ಹಾಕಲೆಂದೇ ಡಾಲ್ ಬೇರೆ ಗುರುತು ಇಟ್ಟಿದ್ದರು. ಅದನ್ನು ಬಳಸದೆ ಸೀದಾ 'ಇಲ್ಲ' ಎಂದು ಹಾಕಿದ ವರದಿಗಳು ನನ್ನ ಕೈಗೆ ಬರುತ್ತಲೇ ಇರುತ್ತವೆ.

ಒತ್ತಡ ಎರಡೂ ಕಡೆಯಿಂದ ಬರುತ್ತದೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ, ಬರೆಯಲು ಬೇರೆಯವರ ಸಹಾಯ ಸಿಗಲೆಂದು ಅಂಕ ಸ್ವಲ್ಪ ತಗ್ಗಿಸಿ ಕೊಡಿ ಎನ್ನುವವರಿದ್ದಾರೆ. ಒಂದು ಶಾಲೆಯವರು ಫೋನಿನಲ್ಲೇ ಹೇಳಿದ್ದರು, "ನಮ್ಮ ರಿಸಲ್ಟ್ ನೋಡಿ ಕೊಡಿ" ಎಂದು. ಮತ್ತೆ ಕೆಲವರು ಮದುವೆಯ ಸಂಬಂಧಗಳಿಗೆ ತೊಂದರೆಯಾದೀತೆಂದು ಅಕ್ಕನ ವರದಿಯಲ್ಲಿ ತಮ್ಮನ ಹೆಸರು ಬರಬಾರದೆನ್ನುತ್ತಾರೆ. ಮೊದಲಿನದಕ್ಕೆ ನನ್ನ ಉತ್ತರ 'ಆಗುವುದಿಲ್ಲ' ಎಂದು ಮಾತ್ರ. ಎರಡನೆಯದರಲ್ಲಿ ಅವರದೇ ಸರಿ; ಕುಟುಂಬದ ಇತಿಹಾಸದಲ್ಲಿ ಬೇಕಾದಷ್ಟನ್ನೇ ಬರೆದರೆ ಸಾಕು, ಹೆಸರು ಯಾಕೆ? ಅಂಕ ಕೇಳುವ ಟೀಚರಿಗೂ ಮನೆಯವರ ಸಹಿ ಇಲ್ಲದೆ ಹೇಳುವುದಿಲ್ಲ. ಸಹಿ ಸಿಕ್ಕ ಮೇಲೂ ಅಂಕಕ್ಕಿಂತ, ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಸೂಚನೆಯನ್ನು ಒಂದೊಂದಾಗಿ ಕೊಡಿ ಎಂಬುದನ್ನೇ ಬರೆದು ಕಳಿಸುತ್ತೇನೆ. ಪರೀಕ್ಷೆಗೆ ಕೂರುವ ಮೊದಲು ಮಗುವನ್ನೂ ಕೇಳುತ್ತೇನೆ. ತಂದೆ ಒಪ್ಪಿದ್ದಾರೆಂದು ಅಳುತ್ತಿರುವ ಮಗುವಿನಿಂದ ಉತ್ತರ ಕಿತ್ತುಕೊಂಡರೆ ಅದು ಕೆಟ್ಟ ನಡತೆ, ಅದರಿಂದ ಬರುವ ಅಂಕವೂ ಕೆಟ್ಟದ್ದೇ.

ಮಂಗಳೂರಿನಲ್ಲಿ ಮಾಡಿಸಿದ ವರದಿಯನ್ನೂ ನನ್ನ ವರದಿಯನ್ನೂ ಅಕ್ಕಪಕ್ಕ ಇಟ್ಟು, "ಅಲ್ಲಿ 66, ಇಲ್ಲಿ 74, ಮಗು ಸುಧಾರಿಸಿದೆ ಅಲ್ವಾ?" ಎಂದು ಕೇಳುವುದುಂಟು. ಮೇಲಿನ ಲೆಕ್ಕದ ಪ್ರಕಾರ ಎರಡು ಅಂಕಗಳ ವ್ಯತ್ಯಾಸದ ದೋಷ 4.5ನ್ನು 2ರ ವರ್ಗಮೂಲದಿಂದ ಗುಣಿಸಿದಷ್ಟು, ಸುಮಾರು 6.4. ವ್ಯತ್ಯಾಸ 12-13 ದಾಟದೆ ಏನೋ ಬದಲಾಗಿದೆ ಎನ್ನುವ ಧೈರ್ಯ ನನಗಿಲ್ಲ. ಅದೇ ಪರೀಕ್ಷೆಯನ್ನು ಬೇಗನೆ ಮತ್ತೆ ಮಾಡಿದ್ದರೆ ಅಭ್ಯಾಸದಿಂದಲೂ ಅಂಕ ಏರುತ್ತದೆ. ಆದ್ದರಿಂದ ಹಿಂದಿನ ಪರೀಕ್ಷೆ ಯಾವುದು, ಯಾವಾಗ ಎಂದು ಕೇಳದೆ ಹೊಸದನ್ನು ಆರಂಭಿಸುವುದಿಲ್ಲ.

ನನ್ನ ವರದಿಯ ಮೊದಲ ಪುಟದಲ್ಲಿ ಅಂಕ ಒಂಟಿಯಾಗಿ ಬರುವುದಿಲ್ಲ. "68 (59–77)" ಎಂದು ಬರೆದು, ಕೆಳಗೆ ಪರೀಕ್ಷೆಯ ಹೆಸರು, ಕೋಷ್ಟಕದ ವರ್ಷ, ಸೂಚನೆ ಕೊಟ್ಟ ಭಾಷೆ, ಮಗು ಉತ್ತರಿಸಿದ ಭಾಷೆ. ಮೆಡಿಕಲ್ ಬೋರ್ಡಿಗೆ ಹೋಗುವ ಪ್ರತಿ ಇಂಗ್ಲಿಷಿನಲ್ಲಿರುತ್ತದೆ. ಮನೆಯವರಿಗೆ ಕನ್ನಡದಲ್ಲಿ ಇನ್ನೊಂದು ಪುಟ, ಓದಲು ಬಾರದವರಿಗೆ ಕೂತು ಓದಿ ಹೇಳುವುದು. ಆವರಣದೊಳಗಿನ ಅಂಕಿಗಳನ್ನು ಹೊಡೆದುಹಾಕಿ ಒಂದೇ ಅಂಕೆ ಕೊಡಿ ಎಂದು ಕೆಲವು ಕಚೇರಿಗಳಿಂದ ವಾಪಸು ಬಂದದ್ದಿದೆ. ಅಂಥ ಅರ್ಜಿಯ ಮೇಲೆ ಒಂದೇ ಅಂಕೆ ಬರೆದು, ಆವರಣವಿರುವ ಪುಟವನ್ನೂ ಪಿನ್ ಮಾಡಿ ಮತ್ತೆ ಕಳಿಸುತ್ತೇನೆ.