ಮೊದಲು ‘ಶ್ರೀರಂಗಪಟ್ಟಣ’ ಎಂದು ಟೈಪ್ ಮಾಡಿ ನೋಡಿ

ಹೊಸ ಟೂಲ್ ಯಾವುದೇ ಬರಲಿ, ಅದರಲ್ಲಿ ಮೊದಲು ‘ಶ್ರೀರಂಗಪಟ್ಟಣ’ ಎಂದು ಟೈಪ್ ಮಾಡುತ್ತೇನೆ. ಸೇವ್ ಮಾಡುತ್ತೇನೆ, ಹುಡುಕುತ್ತೇನೆ, ಪ್ರಿಂಟ್ ತೆಗೆಯುತ್ತೇನೆ. ಮೂರರಲ್ಲೂ ಪಾಸಾದರೆ ಆಮೇಲೆ ಅದರ ವೇಗ, ಅಂದಚೆಂದದ ಮಾತು. ನಾನು ಮೈಸೂರಲ್ಲಿ ಕೂತು ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಅಂಗಡಿ, ಮಂಡಿ, ಛತ್ರಗಳಿಗೆ ವೆಬ್ ಕೆಲಸ ಮಾಡಿಕೊಡುವವನು. ನನ್ನ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಗೊತ್ತಿಲ್ಲ. ಬೆಂಗಳೂರಿನ ಗೆಳೆಯರು ನಗುತ್ತಾರೆ. ನಗಲಿ ಬಿಡಿ.

ಶ್ರೀರಂಗಪಟ್ಟಣವನ್ನೇ ಯಾಕೆ ಅಂತೀರಾ? ಓದುವವರ ಕಣ್ಣಿಗೆ ಅದರಲ್ಲಿ 6 ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್ ಲೆಕ್ಕದಲ್ಲಿ 12, ಯಾಕೆಂದರೆ ಒತ್ತು, ದೀರ್ಘ, ಸೊನ್ನೆ ಎಲ್ಲ ಬೇರೆ ಬೇರೆ ಎಣಿಕೆ. ಅದನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್, ಹಾಗಾಗಿ ಒಟ್ಟು 36. ಪಿಎಚ್‌ಪಿ ಎಂಬ ವೆಬ್ ಭಾಷೆಯಲ್ಲಿ ಉದ್ದ ಅಳೆಯುವ ಮಾಮೂಲಿ ಫಂಕ್ಷನ್ ಹೇಳುವುದು ಈ 36ನ್ನೇ. ‘ಊರಿನ ಹೆಸರು 30 ಅಕ್ಷರ ಮೀರಬಾರದು’ ಎಂದು ಯಾರೋ ನಿಯಮ ಬರೆದಿಟ್ಟಿದ್ದರೆ, ಶ್ರೀರಂಗಪಟ್ಟಣದವರಿಗೆ ಫಾರಂ ತುಂಬುವುದಕ್ಕೇ ಆಗುವುದಿಲ್ಲ. ಇಂಥ ಫಾರಂಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಸದ್ಯ ಕೈಯಲ್ಲಿರುವ ದೊಡ್ಡ ಕೆಲಸ ಎಂದರೆ ಮಂಡ್ಯದ ಒಂದು ಬೆಲ್ಲದ ಮಂಡಿಯ ಲೆಕ್ಕ. ಆಲೆಮನೆಗಳಿಂದ ಬೆಲ್ಲ ಬರುತ್ತದೆ. ಅಚ್ಚು, ಬಕೆಟ್, ಕುರಿಕಟ್ಟು ಅಂತ ಬೇರೆ ಬೇರೆ. ತೂಕ ಬರೆಯಬೇಕು, ಬೆಲೆ ಕೂಡಿಸಬೇಕು, ಹಮಾಲಿ ಮತ್ತು ಮುಂಗಡ ಕಳೆಯಬೇಕು, ರೈತರ ಕೈಗೆ ಪಟ್ಟಿ ಕೊಡಬೇಕು. ಕೆಲಸ ಇಷ್ಟೇ. ಆದರೆ ಬೆಳಗ್ಗೆ ಗಾಡಿಗಳು ಸಾಲು ನಿಂತಾಗ ಒಂದು ಕ್ಷಣವೂ ನಿಲ್ಲುವ ಹಾಗಿಲ್ಲ.

ಇದನ್ನು ಪಿಎಚ್‌ಪಿಯಲ್ಲಿ ಬರೆದೆ. ಫ್ರೇಮ್‌ವರ್ಕ್ ಕೂಡ ಇಲ್ಲ. ಪಿಎಚ್‌ಪಿ ಅಂದರೆ ಮೂಗು ಮುರಿಯುವವರು ಈಗಲೂ ಇದ್ದಾರೆ. ಅವರ ತಲೆಯಲ್ಲಿ ಇನ್ನೂ 5ನೇ ಆವೃತ್ತಿಯೇ ಕೂತಿದೆ. 2015ರ ಕೊನೆಗೆ 7 ಬಂದಾಗಲೇ ಅದರ ವೇಗ ಹೆಚ್ಚುಕಡಿಮೆ ಎರಡರಷ್ಟಾಯಿತು. 2020ರಲ್ಲಿ 8 ಬಂತು. ಹಳೇ ದೂರುಗಳಲ್ಲಿ ಮುಕ್ಕಾಲು ಪಾಲು ಈಗ ಉಳಿದಿಲ್ಲ. ಆದರೂ ವೇಗ ನೋಡಿ ನಾನು ಅದನ್ನು ಆರಿಸಲಿಲ್ಲ. ನಾಳೆ ನಾನು ಜ್ವರ ಬಂದು ಮಲಗಿದರೆ ಈ ಕೋಡ್ ಓದಿ ರಿಪೇರಿ ಮಾಡಬಲ್ಲವರು ಮಂಡ್ಯದಲ್ಲೇ ಸಿಗುತ್ತಾರೆ. ಪಿಎಚ್‌ಪಿ ಕಲಿತ ಹುಡುಗ ಹುಡುಗಿಯರು ಊರೂರಲ್ಲಿ ಇದ್ದಾರೆ. ಗಿರಾಕಿಯ ದುಡ್ಡಲ್ಲಿ ನನಗೆ ಇಷ್ಟವಾದ ಭಾಷೆ ಕಲಿಯುವುದು ನನಗೆ ಸರಿ ಕಾಣುವುದಿಲ್ಲ.

ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್. ‘ಅದು ಆಟಕ್ಕೆ ಸರಿ, ವ್ಯಾಪಾರಕ್ಕಲ್ಲ’ ಅನ್ನುವವರಿಗೆ ಒಂದು ಮಾತು: ನಿಮ್ಮ ಜೇಬಿನಲ್ಲಿರುವ ಫೋನ್ ಆಂಡ್ರಾಯ್ಡ್ ಆಗಲಿ, ಐಫೋನ್ ಆಗಲಿ, ಅದರೊಳಗೆ ಎಸ್‌ಕ್ಯೂಲೈಟ್ ಇದೆ. ಡಿ. ರಿಚರ್ಡ್ ಹಿಪ್ ಎನ್ನುವವರು 2000ದಲ್ಲಿ ಹೊರತಂದದ್ದು. 2050ರವರೆಗೆ ನೋಡಿಕೊಳ್ಳುವ ಉದ್ದೇಶ ಇದೆ ಎಂದು ಅದನ್ನು ಮಾಡುವವರೇ ಹೇಳಿಕೊಂಡಿದ್ದಾರೆ. ಇಡೀ ಮಂಡಿಯ ಲೆಕ್ಕ ಒಂದೇ ಫೈಲ್. ಪ್ರತ್ಯೇಕ ಸರ್ವರ್ ಇಲ್ಲ, ಪಾಸ್‌ವರ್ಡ್ ಮರೆತ ಗಲಾಟೆ ಇಲ್ಲ. ಎಂಟ್ರಿ ಅರ್ಧದಲ್ಲಿದ್ದಾಗ ಕರೆಂಟ್ ಹೋದರೆ? ಟ್ರಾನ್ಸಾಕ್ಷನ್ ಒಳಗೆ ಬರೆದಿದ್ದರೆ ಎಂಟ್ರಿ ಪೂರ್ತಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಅರ್ಧಂಬರ್ಧ ಉಳಿಯುವುದಿಲ್ಲ. ನಮ್ಮ ಕಡೆ ಕರೆಂಟ್ ಗೊತ್ತಲ್ಲ, ನನಗೆ ಇದೇ ಮುಖ್ಯ.

ಅದರ ಮಿತಿಯೂ ಇದೆ. ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ವಾಲ್ (WAL) ಎಂಬ ಸೆಟ್ಟಿಂಗ್ ಹಾಕಿದರೆ ಒಬ್ಬರು ಬರೆಯುತ್ತಿರುವಾಗ ಉಳಿದವರು ಓದಬಹುದು, ಬರೆಯುವವರು ಮಾತ್ರ ಸರದಿ ಕಾಯಬೇಕು. ಮಂಡಿಯಲ್ಲಿ ಇಬ್ಬರು ಗುಮಾಸ್ತರು. ಅವರಿಗೆ ಈ ಕಾಯುವಿಕೆ ಗೊತ್ತೇ ಆಗುವುದಿಲ್ಲ. ಬ್ಯಾಕಪ್ ವಿಷಯದಲ್ಲಿ ಮಾತ್ರ ಹುಷಾರು. ಕೆಲಸ ನಡೆಯುವಾಗ ಫೈಲನ್ನು ಸುಮ್ನೆ ಕಾಪಿ ಪೇಸ್ಟ್ ಮಾಡಬಾರದು, ಅದರದೇ ಬ್ಯಾಕಪ್ ಕಮಾಂಡ್ ಬಳಸಬೇಕು. ದಿನಾ ರಾತ್ರಿ ಆ ನಕಲು ಮುಂಬೈನ ಒಂದು ಸರ್ವರ್‌ಗೆ ಹೋಗುತ್ತದೆ.

ನಿಜವಾಗಿ ಸಮಯ ತಿಂದದ್ದು ರೈತರ ಹೆಸರುಗಳು. ಹಳೇ ಪಟ್ಟಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿತ್ತು, ಅದೂ ಯೂನಿಕೋಡ್‌ಗೆ ಮುಂಚಿನ ಫಾಂಟ್. ‘ನುಡಿ’, ‘ಬರಹ’ದಂಥ ತಂತ್ರಾಂಶ ಇಲ್ಲದಿದ್ದರೆ ನಮ್ಮ ಕಚೇರಿ, ಅಂಗಡಿಗಳಲ್ಲಿ ಕನ್ನಡ ಟೈಪಿಂಗ್ ಇಷ್ಟು ಬೇಗ ಬರುತ್ತಿರಲಿಲ್ಲ, ಆ ಗೌರವ ಇದೆ. ಆದರೆ ಆ ಫೈಲಿನೊಳಗೆ ಇರುವುದು ಇಂಗ್ಲಿಷ್ ಮತ್ತಿತರ ಗುರುತುಗಳು, ಮೇಲೆ ಕನ್ನಡದ ಫಾಂಟ್ ಹೊದಿಸಿದೆ ಅಷ್ಟೇ. ಅದನ್ನು ಬದಲಾಯಿಸುವಾಗ ಅರ್ಕಾವೊತ್ತು ಕಾಟ ಕೊಡುತ್ತದೆ. ‘ಧರ್ಮ’ ಎಂಬ ಹೆಸರಲ್ಲಿ ಹಳೇ ಫೈಲಿನಲ್ಲಿ ಅರ್ಕಾವೊತ್ತು ‘ಮ’ ಆದಮೇಲೆ ಬರುತ್ತದೆ, ಕಣ್ಣಿಗೆ ಕಾಣುವ ಹಾಗೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ, ‘ರ್’ ಮೊದಲು, ‘ಮ’ ಆಮೇಲೆ. ಪರಿವರ್ತನೆ ಮಾಡುವ ಸ್ಕ್ರಿಪ್ಟ್ ಅದನ್ನು ಹಿಂದಕ್ಕೆ ಎಳೆದು ಸರಿಯಾದ ಜಾಗದಲ್ಲಿ ಕೂರಿಸಬೇಕು.

ಅದಾದ ಮೇಲೆ ಹುಡುಕಾಟ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಅದಿಲ್ಲದಿದ್ದರೆ ‘ಕ’ ಒತ್ತಾಗಿ ಕೆಳಗಿಳಿಯುತ್ತದೆ. ಒಬ್ಬ ಗುಮಾಸ್ತರು ಆ ಗುರುತು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಒಬ್ಬರೇ ರೈತರಿಗೆ ಎರಡು ಖಾತೆ! ‘ಕೋ’ ಎಂಬ ಅಕ್ಷರವನ್ನೂ ಒಂದಕ್ಕಿಂತ ಜಾಸ್ತಿ ಬಗೆಯಲ್ಲಿ ಜೋಡಿಸಬಹುದು, ನೋಡಲು ಎಲ್ಲ ಒಂದೇ ಥರ. ಹಾಗಾಗಿ ತೋರಿಸುವ ಹೆಸರು ಒಂದು ಕಾಲಂನಲ್ಲಿ, ಹುಡುಕಲು ಸೋಸಿದ ಹೆಸರು ಇನ್ನೊಂದರಲ್ಲಿ ಇಟ್ಟಿದ್ದೇನೆ. ಸೋಸುವುದೆಂದರೆ ಯೂನಿಕೋಡ್ ನಾರ್ಮಲೈಸ್ ಮಾಡಿ (ಒಂದೇ ಅಕ್ಷರದ ಬೇರೆ ಬೇರೆ ಜೋಡಣೆಗಳನ್ನು ಒಂದೇ ಬಗೆಗೆ ತಂದು), ಕಾಣದ ಗುರುತುಗಳನ್ನು ತೆಗೆಯುವುದು. ತೋರಿಸುವ ಹೆಸರಿನಿಂದ ಮಾತ್ರ ತೆಗೆಯಬೇಡಿ, ಹೆಸರೇ ಬೇರೆಯಾಗಿ ಕಾಣುತ್ತದೆ.

ಅಕಾರಾದಿ ಬೇರೆ. ಬೈಟ್ ಕ್ರಮದಲ್ಲಿ ಜೋಡಿಸಿದರೆ ‘ಳ’ ಬರುವುದು ‘ಲ’ ಆದ ತಕ್ಷಣ. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ ಆದಮೇಲೆ. ಹೀಗಾಗಿ ಊರುಗಳ ಪಟ್ಟಿಯಲ್ಲಿ ಮಳವಳ್ಳಿ ಮಹದೇವಪುರಕ್ಕಿಂತ ಮೇಲೆ ಬಂದು ಕೂತಿತು. ಗುಮಾಸ್ತರು ಕೆಳಗೆ ಹುಡುಕುತ್ತಿದ್ದರು. ವಿಂಗಡಣೆಗೆಂದೇ ಮೂರನೇ ಕಾಲಂ ಮಾಡಿ, ಅದರಲ್ಲಿ ‘ಳ’ ಇರುವಲ್ಲೆಲ್ಲ ಅವಗ್ರಹದ (ಽ) ಗುರುತು ಹಾಕಿದೆ. ಅದು ಯೂನಿಕೋಡ್ ಪಟ್ಟಿಯಲ್ಲಿ ‘ಹ’ ಆದಮೇಲೆ, ಕಾಗುಣಿತದ ಗುರುತುಗಳಿಗಿಂತ ಮುಂಚೆ ಇದೆ. ಜುಗಾಡ್ ಅನ್ನಿ, ಪರವಾಗಿಲ್ಲ. ಕೆಲಸ ಆಗುತ್ತದೆ.

ಪ್ರಿಂಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಪಿಡಿಎಫ್ ಮಾಡುವ ಬಹುಪಾಲು ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಕನ್ನಡದ ಒತ್ತಕ್ಷರ ಜೋಡಿಸುವುದಿಲ್ಲ. ‘ಟ್ಟ’ ಬರಬೇಕಾದ ಕಡೆ ‘ಟ್ ಟ’ ಬರುತ್ತದೆ. ಮಂಡಿಯ ಯಜಮಾನರು ಅಂಥ ಒಂದು ಪ್ರಿಂಟ್ ನೋಡಿ ಹೇಳಿದ್ದು ಹೀಗೆ: “ನೋಡಿ ಸಾರ್, ಹೆಸರೇ ಒಡೆದುಹೋಗಿದ್ರೆ ರೈತರು ಲೆಕ್ಕ ಹೆಂಗೆ ನಂಬ್ತಾರೆ?” ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಹಾರ್ಫ್‌ಬಜ್ ಎಂಬ ಎಂಜಿನ್ ಇದೆ. ಒತ್ತು, ಕಾಗುಣಿತ ಎಲ್ಲ ಅದು ಸರಿಯಾಗಿ ಜೋಡಿಸುತ್ತದೆ. ಹಾಗಾಗಿ ಲೈಬ್ರರಿಗಳ ಸಹವಾಸ ಬಿಟ್ಟು, ಪಟ್ಟಿಯನ್ನು ಒಂದು ವೆಬ್ ಪುಟವಾಗಿ ಮಾಡಿ ಬ್ರೌಸರ್‌ನಿಂದಲೇ ಪ್ರಿಂಟ್ ಕೊಡುತ್ತೇನೆ. ಪಿಡಿಎಫ್ ಬೇಕಾದರೆ ಅದೇ ಬ್ರೌಸರ್ ಮಾಡಿಕೊಡುತ್ತದೆ. ರೈತರಿಗೆ ಎಸ್ಸೆಮ್ಮೆಸ್ ಕಳಿಸುವ ಯೋಚನೆಯೂ ಇತ್ತು. ಇಂಗ್ಲಿಷಿನಲ್ಲಾದರೆ ಒಂದು ಮೆಸೇಜಿಗೆ 160 ಗುರುತು, ಕನ್ನಡದಲ್ಲಿ ಬರೀ 70. ಒಂದು ಪಟ್ಟಿಗೆ ಎರಡು ಮೂರು ಮೆಸೇಜಿನ ದುಡ್ಡು. ವಾಟ್ಸಾಪ್‌ನಲ್ಲಿ ಫೋಟೋ ಕಳಿಸುವುದೇ ಸಾಕು ಎಂದು ಯಜಮಾನರೇ ಹೇಳಿದರು.

ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಟೂಲ್ ರಿಯಾಕ್ಟ್ ಬಗ್ಗೆ ಕೇಳುತ್ತಾರೆ. 2013ರಲ್ಲಿ ಬಂದದ್ದು, ಒಳ್ಳೆಯದೇ. ಮೈಸೂರಿನ ಒಂದು ಹೋಂಸ್ಟೇಗೆ ದಸರಾ ಬುಕಿಂಗ್ ಕ್ಯಾಲೆಂಡರ್ ಮಾಡುವಾಗ ನಾನೇ ಅದೇ ಥರದ ವ್ಯೂ ಬಳಸಿದೆ. ಪರದೆ ಮೇಲೆ ಒಂದು ದಿನ ಮುಟ್ಟಿದರೆ ಹತ್ತು ಕಡೆ ಬದಲಾಗಬೇಕು, ಅಲ್ಲಿ ಅದು ಬೇಕೇ ಬೇಕು. ನಾಲ್ಕು ಬಾಕ್ಸ್ ಇರುವ ಫಾರಂಗೆ ಅದನ್ನು ತರುವುದು ಅಕ್ಕಿ ಕೇರಲು ಜೆಸಿಬಿ ತಂದ ಹಾಗೆ. ಅದರ ಹಿಂದೆ ಬರುವ ಪ್ಯಾಕೇಜುಗಳ ದಂಡು ನನಗೆ ಹೆದರಿಕೆ. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದ ತೆಗೆದರು. ಪ್ರಪಂಚದ ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್ ಅವತ್ತು ನಿಂತಿತು. ಮಂಡಿಯ ಕೋಡ್‌ನಲ್ಲಿ ಹೊರಗಿನ ಜಾವಾಸ್ಕ್ರಿಪ್ಟ್ ಒಂದು ಸಾಲೂ ಇಲ್ಲ.

ಪುಕ್ಕಟೆ ಹೋಸ್ಟಿಂಗ್ ನಂಬಿ ವ್ಯಾಪಾರದ ಸೈಟ್ ಇಡುವುದಿಲ್ಲ. ಹೆರೋಕು ಎಂಬ ಹೋಸ್ಟಿಂಗ್ ಕಂಪನಿ ತನ್ನ ಉಚಿತ ಯೋಜನೆಯನ್ನು 2022ರ ನವೆಂಬರ್‌ನಲ್ಲಿ ನಿಲ್ಲಿಸಿತು. ಅದು ಅವರ ಹಕ್ಕು. ತಿಂಗಳಿಗೆ ಇಷ್ಟು ರೂಪಾಯಿ ಅಂತ ಕಟ್ಟಿ, ಜಿಎಸ್‌ಟಿ ಬಿಲ್ ಸಿಗುವ ಕಡೆ ಇಟ್ಟರೆ ಗಿರಾಕಿಯ ಆಡಿಟರ್‌ಗೂ ತಲೆನೋವಿಲ್ಲ. 2021ರ ಅಕ್ಟೋಬರ್‌ನಿಂದ ಕಾರ್ಡಿನಿಂದ ತಾನೇ ಕಟ್ಟಾಗುವ ಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಿದೆ. ಆಮೇಲೆ ಡಾಲರ್ ಬಿಲ್‌ಗಳು ಎಷ್ಟೋ ಸಲ ತಾವಾಗಿ ಕಟ್ಟಾಗುವುದಿಲ್ಲ, ಅವುಗಳ ತಾರೀಖು ನೆನಪಿಟ್ಟುಕೊಳ್ಳುವುದೇ ಒಂದು ಕೆಲಸ.

ಕೋಡ್ ಬರೆಯಲು ಯಾವ ಎಡಿಟರ್ ಮೇಲು ಎಂಬ ಜಗಳ ನನಗೆ ಬೇಡ. ವಿಎಸ್ ಕೋಡ್ ಇದೆ, ಸರ್ವರ್ ಮೇಲೆ ವಿಮ್ ಇದೆ. ಟರ್ಮಿನಲ್‌ನಲ್ಲಿ ಕನ್ನಡ ಸಾಮಾನ್ಯವಾಗಿ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ, ಅದನ್ನು ನೋಡಿ ಡೇಟಾ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಕೋಡ್‌ನ ಹಳೇ ಆವೃತ್ತಿಗಳನ್ನು ಉಳಿಸಿಡುವ ಗಿಟ್ ಎಲ್ಲದಕ್ಕೂ, ಒಂದು ಪುಟದ ಕೆಲಸಕ್ಕೂ. ಎಐ ಟೂಲ್‌ಗಳನ್ನೂ ಬಳಸುತ್ತೇನೆ. ಬೇಗ ಬರೆಯುತ್ತವೆ, ಆದರೆ ನಾನು ಬಳಸಿದವು ಹೆಸರಿನ ಉದ್ದ ಅಳೆಯಲು ಆ 36ರ ಫಂಕ್ಷನ್ನನ್ನೇ ಎಷ್ಟೋ ಸಲ ತಂದುಕೊಟ್ಟಿವೆ.

ಈಗ ಯಜಮಾನರಿಗೆ ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕ ನೇರವಾಗಿ ಪರದೆಗೆ ಬರಬೇಕಂತೆ. ತಕ್ಕಡಿಗೆ ಹಳೇ ಸೀರಿಯಲ್ ಪೋರ್ಟ್ ಇದೆ. ಕ್ರೋಮ್‌ನಲ್ಲಿ 2021ರಿಂದ ವೆಬ್ ಸೀರಿಯಲ್ ಸೌಲಭ್ಯ ಇದೆ, ಬಳಸುವವರು ಒಮ್ಮೆ ಅನುಮತಿ ಒತ್ತಿದರೆ ಪುಟವೇ ಪೋರ್ಟ್ ಓದುತ್ತದೆ. ಮಾಡಿ ನೋಡಿದೆ, ತೂಕ ಬಂತು. ಐಫೋನಿನ ಸಫಾರಿಯಲ್ಲಿ ಇದು ನಡೆಯುವುದಿಲ್ಲ. ಒಂದೇ ಬ್ರೌಸರ್‌ಗೆ ಕಟ್ಟಿಹಾಕಿಕೊಳ್ಳುವುದು ನನಗೆ ಇಷ್ಟವಿಲ್ಲ, ಆದರೆ ತಕ್ಕಡಿ ಪಕ್ಕದಲ್ಲಿ ಇರುವುದು ಒಂದೇ ಕಂಪ್ಯೂಟರ್, ಅದರಲ್ಲಿ ಕ್ರೋಮ್. ಹಾಗಾಗಿ ಹಾಕಿಕೊಟ್ಟಿದ್ದೇನೆ. ತೂಕ ಕೈಯಲ್ಲಿ ಟೈಪ್ ಮಾಡುವ ಬಾಕ್ಸನ್ನು ಮಾತ್ರ ತೆಗೆದಿಲ್ಲ. ಕೇಬಲ್ ಕಿತ್ತುಬಂದ ದಿನ ಗಾಡಿಗಳು ಕಾಯುವುದಿಲ್ಲವಲ್ಲ.