ಘಾಟಿಯಲ್ಲಿ ಗೇರ್ ಇಳಿಸುವುದು ಯಾವಾಗ?

ಆಗುಂಬೆ ಘಾಟಿಯ ಯಾವುದಾದರೂ ತಿರುವಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಸೋಮೇಶ್ವರದಿಂದ ಹತ್ತುವ ಒಂದು ಬೈಕಾದರೂ ತಿರುವಿನ ನಡುವೆ ಉಸಿರುಗಟ್ಟಿ ನಿಲ್ಲುತ್ತದೆ. ಹಿಂದೆ ಕೂತವರು ಇಳಿಯುತ್ತಾರೆ. ಸವಾರ 'ಪಿಕಪ್ಪೇ ಇಲ್ಲ ಮಾರಾಯ' ಅಂತ ಬೈಕಿಗೆ ಬೈಯುತ್ತಾನೆ. ಪಿಕಪ್ ಇದೆ, ಅವನು ಮೂರನೇ ಗೇರ್‌ನಲ್ಲಿದ್ದಾನೆ ಅಷ್ಟೆ.

ಮೊದಲು, ಗೇರ್ ಯಾವ ಕಡೆ ಬೀಳುತ್ತದೆ ನೋಡಿಕೊಳ್ಳಿ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರ್ ಮುಂದಕ್ಕೆ ಒತ್ತಿಯೇ ಹಾಕುವುದು. ಬೇರೆ ಹೆಚ್ಚಿನ ಬೈಕುಗಳಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಭಾವನ ಬೈಕು ತಗೊಂಡು ಹೋದ ದಿನ ನಾನು ಏರಿನಲ್ಲಿ ಗೇರ್ ಇಳಿಸಲು ಹೋಗಿ ಏರಿಸಿಬಿಟ್ಟಿದ್ದೆ. ಹಿಂದಿನ ಜೀಪಿನವರು ಹಾರ್ನ್ ಹೊಡೆದಿದ್ದು ಇನ್ನೂ ಕಿವಿಯಲ್ಲಿದೆ.

ತೀರ್ಥಹಳ್ಳಿ ಕಡೆಯ ಸಮತಟ್ಟು ರಸ್ತೆಗೆ ಹೆಚ್ಚು ಹೇಳುವುದೇನಿಲ್ಲ. ಎಂಜಿನ್ ಹಗುರಾಗಿ ಓಡುತ್ತಿದ್ದರೆ ಗೇರ್ ಏರಿಸಿ, ಕುಟ್ಟಲು ಶುರುವಾದರೆ ಇಳಿಸಿ.

ಏರಿನಲ್ಲಿ ಸ್ಪೀಡೋಮೀಟರ್ ನೋಡಬೇಡಿ, ಕಿವಿ ಕೊಡಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ವೇಗ ಏರದೆ 'ಗುಡು ಗುಡು' ಅಂದರೆ ತಡವಾಯಿತು ಅಂತಲೇ ಅರ್ಥ. ಇಲ್ಲಿ 'ಗುಡು ಗುಡು ಅಂದರೂ ಎಳೆಯುತ್ತದೆ, ಗೇರ್ ಇಳಿಸಬೇಡ' ಅನ್ನುವ ಬುಲೆಟ್‌ನವರ ಬುದ್ಧಿವಾದ ಕೇಳಬೇಡಿ. ಅದೇ ರಾಯಲ್ ಎನ್‌ಫೀಲ್ಡ್ ಕಂಪನಿಯ ಈಗಿನ ಕ್ಲಾಸಿಕ್ 350ರ ಪೂರ್ತಿ ಎಳೆತ ಎಂಜಿನ್ ನಿಮಿಷಕ್ಕೆ 4,000 ಸುತ್ತು (ಆರ್‌ಪಿಎಂ) ತಿರುಗುವಾಗಲೇ ಸಿಗುತ್ತದೆ. ಸ್ಪ್ಲೆಂಡರ್‌ಗೆ 6,000 ಬೇಕು. ಚಿಕ್ಕ ಎಂಜಿನ್ ಸ್ವಲ್ಪ ಕಿರುಚಿದರೆ ಹೆದರಬೇಡಿ, ಅದು ಕೆಲಸ ಮಾಡುವುದೇ ಹಾಗೆ.

ಈಗ ತಿರುವು. ಆಗುಂಬೆಯಲ್ಲಿ ಇಂಥವು ಹದಿನಾಲ್ಕಿವೆ. ಹತ್ತುವಾಗ ಎಡ ತಿರುವೇ ಕಷ್ಟ, ಒಳಗಿನ ಅಂಚು ಬಲು ಕಡಿದು. ಹೆಚ್ಚಿನವರು ತಿರುವಿಗೆ ನುಗ್ಗಿ, ಅಲ್ಲಿ ಬೈಕು ಸೋತ ಮೇಲೆ ಕ್ಲಚ್ ಹಿಡಿಯುತ್ತಾರೆ. ಕ್ಲಚ್ ಹಿಡಿದ ಕ್ಷಣ ಚಕ್ರಕ್ಕೆ ಎಳೆತವೇ ಇಲ್ಲ. ವಾಲಿದ ಬೈಕು ಅಲ್ಲೇ ಮಗುಚುತ್ತದೆ. ಹಾಗಾಗಿ ಗೇರ್ ಕೆಲಸವೆಲ್ಲ ಬೈಕು ನೆಟ್ಟಗಿರುವಾಗಲೇ ಮುಗಿಯಬೇಕು. ತಿರುವಿಗೆ ಎರಡು ಮೂರು ಬೈಕಿನಷ್ಟು ದೂರ ಇರುವಾಗ ವೇಗ ತಗ್ಗಿಸಿ. ಕ್ಲಚ್ ಹಿಡಿಯಿರಿ, ಒಂದು ಗೇರ್ ಇಳಿಸಿ, ಕ್ಲಚ್ ಬಿಡುವ ಮೊದಲು ಆಕ್ಸಿಲರೇಟರ್ ಒಂದು ಚಿಟಿಕೆ ಕೊಡಿ. ಚಿಟಿಕೆ ಅಂದರೆ ಚಿಟಿಕೆಯೇ, ರೇಸ್ ಅಲ್ಲ. ಎಂಜಿನ್ ವೇಗ ಚಕ್ರದ ವೇಗಕ್ಕೆ ಹೊಂದುತ್ತದೆ, ಕ್ಲಚ್ ಬಿಟ್ಟಾಗ ಬೈಕು ಜಗ್ಗುವುದಿಲ್ಲ. ಮಳೆಗಾಲದಲ್ಲಿ ಹಾಗೆ ಜಗ್ಗಿದರೆ ಹಿಂದಿನ ಚಕ್ರ ಜಾರಿತು ಅಂತಲೇ ಲೆಕ್ಕ. ಆಮೇಲೆ ಆಕ್ಸಿಲರೇಟರ್ ಒಂದೇ ಸಮ ಹಿಡಿದು ತಿರುಗಿ. ಹಿಂದೆ ಜನ ಇದ್ದು, 100 ಸಿಸಿ ಬೈಕಾದರೆ ನಾಚಿಕೆಪಡದೆ ಒಂದನೇ ಗೇರ್ ಹಾಕಿ. ಎರಡನೆಯದರಲ್ಲೇ ಹತ್ತಿಸಿದೆ ಅಂತ ಕೊಚ್ಚಿಕೊಳ್ಳುವವರ ಕ್ಲಚ್ ಪ್ಲೇಟ್ ವಾಸನೆ ನನಗೆ ಗೊತ್ತು.

ವಾಸನೆ ಅಂದಾಗ ನೆನಪಾಯಿತು. ಅಗ್ಗಕ್ಕೆ ಸಿಕ್ಕಿತು ಅಂತ ಕಾರಿನ ಆಯಿಲ್ ಹಾಕಿಸಬೇಡಿ. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಕಾರಿನ ಆಯಿಲ್‌ಗೆ ಕ್ಲಚ್ ಜಾರಲು ಶುರುವಾದರೆ ಯಾವ ಗೇರೂ ಪ್ರಯೋಜನವಿಲ್ಲ. ಡಬ್ಬದ ಮೇಲೆ 'ಜಾಸೋ ಎಂಎ' ಅಥವಾ 'ಎಂಎ2' ಅಂತಿರಬೇಕು, ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು ಅದು. ಪಿಕಪ್ ಹೆಚ್ಚಿಸುವ ಬಾಟಲಿಗಳಿಗೆ ನಾನಂತೂ ಒಂದು ರೂಪಾಯಿ ಕೊಡಲ್ಲ.

ಇಳಿಯುವಾಗಲೂ ಹತ್ತಿದ ಗೇರ್‌ನಲ್ಲೇ ಇಳಿಯಿರಿ. ಎಂಜಿನ್ನೇ ಬೈಕನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಕಾಯುವುದು ಕಡಿಮೆ. ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡುವವರಿಗೆ ಒಂದು ಮಾತು: 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಬೈಕುಗಳಲ್ಲಿ ಹೆಚ್ಚಿನವು ಇಂಜೆಕ್ಷನ್ನಿನವು, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವಂಥವು. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಸಾಮಾನ್ಯವಾಗಿ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಕುಡಿಯುತ್ತಲೇ ಇರುತ್ತದೆ.